ಬಿಡುಗಡೆಗೆ ಮೊದಲೇ ಆ್ಯಪ್ ಹಿಡಿಯೋದು: ನನ್ನ ಅನುಭವ

ದಿನವೂ ಹೊಸ ಆ್ಯಪ್‌ಗಳ ಪಟ್ಟಿ ಹಾಕೋ ಪ್ರಾಡಕ್ಟ್ ಹಂಟ್ ವೆಬ್‌ಸೈಟ್ ನೋಡಿ ವಿಡಿಯೊ ವಿಮರ್ಶೆ ಮಾಡೋದನ್ನು 2024ರ ಮಧ್ಯದಲ್ಲಿ ಬಿಟ್ಟಾಗ ಗೆಳೆಯರೆಲ್ಲ ನಕ್ಕಿದ್ದರು. ಈಗ ಅವರೇ ‘ಈ ಆ್ಯಪ್‌ಗಳೆಲ್ಲ ನಿಂಗೆ ಎಲ್ಲಿ ಸಿಗ್ತವೆ ಮಾರಾಯಾ’ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಬೇರೆ ವಿಮರ್ಶಕರ ಹಾಗೇ. ಪ್ರಾಡಕ್ಟ್ ಹಂಟ್‌ನಲ್ಲಿ ದಿನ ಶುರುವಾಗೋದು ಕ್ಯಾಲಿಫೋರ್ನಿಯಾದ ನಡುರಾತ್ರಿಗೆ, ನಮಗದು ಮಧ್ಯಾಹ್ನ 12.31, ಅವರ ಚಳಿಗಾಲದಲ್ಲಿ 1.31. ಊಟದ ತಟ್ಟೆ ಪಕ್ಕಕ್ಕಿಟ್ಟು, ಮೇಲಿನ ಐದು ಆರಿಸಿ, ಸಂಜೆಯೊಳಗೆ ವಿಡಿಯೊ. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಹತ್ತು ಜನ ಮುಗಿಸಿರುತ್ತಿದ್ದರು. ನನ್ನ ವಿಡಿಯೊ ನೋಡೋರು ಹಾಸನ, ದಾವಣಗೆರೆ ಕಡೆಯವರು. ಮೀಟಿಂಗ್ ನೋಟ್ಸ್ ಬರೆಯೋ ಬಾಟ್ ಅವರಿಗೆ ಯಾಕೆ ಹೇಳಿ?

ದುಡ್ಡು ಹೋದದ್ದು ಫ್ರೀ ಟ್ರಯಲ್‌ನಲ್ಲಿ. ಏಳು ದಿನ ಉಚಿತ ಅಂತ, ತಾನಾಗೇ ದುಡ್ಡು ಕಡಿತವಾಗೋ ಯುಪಿಐ ಆಟೋಪೇಗೆ ಒಪ್ಪಿಗೆ ಕೊಡೋದು, ಆಮೇಲೆ ಮರೆಯೋದು. 2023ರಲ್ಲಿ ಹನ್ನೊಂದು ಸಾವಿರದಷ್ಟು ಹೀಗೇ ಹೋಯಿತು. ನಿದ್ದೆ ಅಳೆಯೋ ಆ್ಯಪ್ ಒಂದು ವರ್ಷದ ಚಂದಾ 2,400 ಒಂದೇ ಸಲಕ್ಕೆ ಎಳೆದುಕೊಂಡಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಬೆಳಿಗ್ಗೆ ನೋಡಿದರೆ ‘ಏಳು ಗಂಟೆ ಗಾಢ ನಿದ್ದೆ’ ಅಂತ ತೋರಿಸುತ್ತಿತ್ತು.

ದಾರಿ ಸಿಕ್ಕಿದ್ದು ಗೂಗಲ್‌ನ ಒಂದು ನಿಯಮದಿಂದ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಪ್ಲೇ ಸ್ಟೋರ್‌ಗೆ ಬಿಡುವ ಮೊದಲು ಕ್ಲೋಸ್ಡ್ ಟೆಸ್ಟ್, ಅಂದರೆ ಆಯ್ದ ಕೆಲವರಿಗಷ್ಟೇ ಆ್ಯಪ್ ಕೊಟ್ಟು ಪರೀಕ್ಷೆ, ಮಾಡಲೇಬೇಕು. ಆಗ 20 ಟೆಸ್ಟರ್ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಅಷ್ಟೂ ಜನ 14 ದಿನ ಬಿಡದೆ ಇರಬೇಕು. ಒಬ್ಬನೇ ಕೂತು ಆ್ಯಪ್ ಕಟ್ಟಿದ ಹುಡುಗ ಅಣ್ಣ, ಅತ್ತಿಗೆ, ಹಾಸ್ಟೆಲ್ ರೂಮ್‌ಮೇಟ್ ಅಂತ ಎಣಿಸಿದರೆ ಒಂಬತ್ತಕ್ಕೆ ನಿಲ್ಲುತ್ತದೆ. ಹತ್ತನೆಯವನಾಗಿ ನಾನು ಹೋಗುತ್ತೇನೆ. ಅಂಥವರು ಎಲ್ಲಿ ಸಿಗುತ್ತಾರೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ, ಹೇಳಿದರೆ ನಾಳೆಯೇ ಅಲ್ಲಿ ಜಾತ್ರೆ.

‘ಎರಡು ವಾರ ಒಂದೇ ಆ್ಯಪ್ ಹಿಡ್ಕೊಂಡು ಕೂತ್ರೆ ಸುದ್ದಿ ಹಳಸಿಹೋಗುತ್ತೆ’ ಅಂದಿದ್ದರು ಗೆಳೆಯರು. ಇನ್ನೂ ಹೊರಗೇ ಬರದ ಆ್ಯಪ್ ಹಳಸೋದು ಹೇಗೆ? ಡೆವಲಪರ್‌ನ ಒಪ್ಪಿಗೆ ಕೇಳಿ, ಬಿಡುಗಡೆಯ ದಿನವೇ ವಿಮರ್ಶೆ ಹಾಕುತ್ತೇನೆ.

ಟೆಸ್ಟ್‌ಗೆ ಇಟ್ಟಿರೋದು 4 ಜಿಬಿ ರ‍್ಯಾಮ್‌ನ ಹಳೇ ಫೋನ್, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೂರೂವರೆ ಸಾವಿರಕ್ಕೆ ತಂದದ್ದು. ಬೇರೆ ಸಿಮ್, ಬೇರೆ ಬ್ಯಾಂಕ್ ಖಾತೆ, ಅದರಲ್ಲಿ ಯಾವತ್ತೂ ಐನೂರಕ್ಕಿಂತ ಜಾಸ್ತಿ ಇಡುವುದಿಲ್ಲ. ಮೂರನೇ ದಿನ ಹಾರಾಡುವ ಆ್ಯಪ್ ಹತ್ತನೇ ದಿನಕ್ಕೆ ಬ್ಯಾಟರಿ ತಿನ್ನಲು ಶುರು ಮಾಡುತ್ತದೆ. ಕನ್ನಡ ಇದೆ ಅಂದರೆ ಮೊದಲು ‘ಸ್ವಾತಂತ್ರ್ಯ’ ಅಂತ ಟೈಪ್ ಮಾಡಿ, ಒತ್ತಕ್ಷರ ಒಡೆದರೆ ಅಲ್ಲೇ ಕಾಣುತ್ತದೆ. ಇದಕ್ಕಿಂತ ಕಷ್ಟದ ಪದ ಇನ್ನೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಅಮ್ಮನ ಕೈಗೆ ಫೋನ್ ಕೊಟ್ಟು ನೋಡಿದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಆ್ಯಪ್ ಒಂದರಲ್ಲಿ ‘ಬುಕ್’ ಬಟನ್ ‘ಪುಸ್ತಕ’ ಆಗಿತ್ತು. ‘ಡಾಕ್ಟ್ರು ಪುಸ್ತಕಾನೂ ಮಾರ್ತಾರೇನೋ?’ ಅಂದರು ಅಮ್ಮ. ಆ ಮಾತಿದ್ದ ವಿಡಿಯೊಗೆ ಬಂದಷ್ಟು ವ್ಯೂಸ್ ನನ್ನ ಬೇರೆ ಯಾವ ವಿಡಿಯೊಗೂ ಬಂದಿಲ್ಲ. ಇನ್ನೊಂದು ಸಲ 2023ರಲ್ಲಿ ಹೊಗಳಿದ್ದ ಅರವತ್ತು ಚಿಲ್ಲರೆ ಆ್ಯಪ್‌ಗಳನ್ನು ಮತ್ತೆ ತೆರೆಯಲು ನೋಡಿದೆ, ಇಪ್ಪತ್ತೈದು ತೆರೆದಿದ್ದರೆ ಹೆಚ್ಚು. ಮಾನ ಹೋಯಿತು.

ಈಗ ತಿಂಗಳಿಗೆ ಹದಿನೈದರಿಂದ ಹದಿನೆಂಟು ಸಾವಿರ ಬರುತ್ತದೆ. ಅರ್ಧ ವಿಡಿಯೊದಿಂದ, ಇನ್ನರ್ಧ ಡೆವಲಪರ್‌ಗಳಿಗೆ ಬರೆದುಕೊಡುವ ಟೆಸ್ಟ್ ವರದಿಯಿಂದ, ಒಂದಕ್ಕೆ 1,500. ದುಡ್ಡು ಪಡೆದ ಆ್ಯಪ್‌ನ ವಿಮರ್ಶೆ ಮಾಡುವುದಿಲ್ಲ. ಇದರಿಂದ ಎರಡು ಮೂರು ಒಳ್ಳೇ ಆ್ಯಪ್ ಕೈತಪ್ಪಿದವು, ಹೊಟ್ಟೆ ಉರಿಯಿತು.

ಸದ್ಯ ಫೋನಿನಲ್ಲಿರೋದು ಚೀಟಿ ಲೆಕ್ಕದ ಆ್ಯಪ್, ಹನ್ನೊಂದನೇ ದಿನ. ಅಮ್ಮನ ಚೀಟಿ ಗುಂಪಿನ ಇಬ್ಬರು ಆಗಲೇ ನೋಟ್‌ಬುಕ್ಕಿಗೆ ವಾಪಸ್ ಹೋಗಿದ್ದಾರೆ. ಇನ್ನೂ ಮೂರು ದಿನ ಇದೆ, ನೋಡೋಣ.