ಅಂಕಿಗಳೊಳಗೆ ಅಡಗಿದ್ದ ಬ್ರ್ಯಾಂಡು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಟೆಂಡರ್ ನಡೆಸಿದ ಅನುಭವ

ನೆದರ್‌ಲ್ಯಾಂಡ್ಸಿನ ಒಂದು ವಿಶ್ವವಿದ್ಯಾಲಯದ ಖರೀದಿ ವಿಭಾಗದಲ್ಲಿರುವ ನನ್ನ ಮೇಜಿಗೆ 2024ರ ಆರಂಭದಲ್ಲಿ ವಸ್ತುವಿಜ್ಞಾನ ವಿಭಾಗದಿಂದ ಒಂದು ಬೇಡಿಕೆ ಬಂತು. ಅವರಿಗೆ ಹೊಸ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಅಂದರೆ ಎಲೆಕ್ಟ್ರಾನ್ ಕಿರಣದಿಂದ ಅತಿ ಸಣ್ಣ ವಿವರಗಳ ಚಿತ್ರ ತೆಗೆಯುವ ಯಂತ್ರ, ಬೇಕಿತ್ತು. ಯಾವ ಕಂಪನಿಯ ಯಾವ ಮಾದರಿ ಎಂಬುದನ್ನೂ ಅವರು ಆಗಲೇ ನಿರ್ಧರಿಸಿಕೊಂಡಿದ್ದರು. ಉಪಕರಣದ ಬೆಲೆ ಮತ್ತು ಎಂಟು ವರ್ಷಗಳ ನಿರ್ವಹಣೆ ಸೇರಿ ನಮ್ಮ ಅಂದಾಜು ಸುಮಾರು 6 ಲಕ್ಷ ಯೂರೊ. ನಮ್ಮಂಥ ಸಂಸ್ಥೆಗಳ ಸರಕು ಖರೀದಿಗೆ 2024 ಮತ್ತು 2025ರಲ್ಲಿ ಅನ್ವಯವಾಗುತ್ತಿದ್ದ ಮಿತಿ 2,21,000 ಯೂರೊ. ಅದನ್ನು ದಾಟಿದ ಖರೀದಿಗೆ ಐರೋಪ್ಯ ಒಕ್ಕೂಟದ 2014/24 ಸಂಖ್ಯೆಯ ನಿರ್ದೇಶನವೂ ಅದನ್ನು ಅಳವಡಿಸಿಕೊಂಡ ಡಚ್ ಕಾನೂನೂ ಅನ್ವಯವಾಗುವುದರಿಂದ, ಒಕ್ಕೂಟದಾದ್ಯಂತ ಪ್ರಕಟಣೆ ಕೊಡದೆ ಬೇರೆ ದಾರಿಯಿರಲಿಲ್ಲ.

ಆ ವಿಭಾಗದ ಪ್ರಾಧ್ಯಾಪಕರ ಮೊದಲ ಪ್ರಶ್ನೆ, ಇದನ್ನು ನೇರವಾಗಿ ಕೊಳ್ಳಲಾಗದೇ ಎಂಬುದಾಗಿತ್ತು. ಹಿಂದೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಖರೀದಿ ಶಾಖೆಯಲ್ಲಿದ್ದಾಗಲೂ ನಾನು ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೆ. ಅಲ್ಲಿ ಇಂಡೆಂಟಿನ, ಅಂದರೆ ಖರೀದಿ ಬೇಡಿಕೆಪತ್ರದ, ಜೊತೆಗೆ ಈ ವಸ್ತು ಒಬ್ಬ ತಯಾರಕನಲ್ಲಿ ಮಾತ್ರ ಸಿಗುತ್ತದೆ ಎಂಬ ಪ್ರಮಾಣಪತ್ರವನ್ನು ಲಗತ್ತಿಸಿ ತರುತ್ತಿದ್ದರು. ಇಲ್ಲಿಯೂ ನಿರ್ದೇಶನದ 32ನೆಯ ವಿಧಿ ಅಂಥದೊಂದು ಬಾಗಿಲನ್ನು ಇಟ್ಟಿದೆ, ಆದರೆ ಬಲು ಕಿರಿದಾಗಿ: ತಾಂತ್ರಿಕ ಕಾರಣದಿಂದ ಸ್ಪರ್ಧೆಯೇ ಸಾಧ್ಯವಿಲ್ಲದಿರಬೇಕು, ಸಮಂಜಸವಾದ ಪರ್ಯಾಯ ಇರಬಾರದು, ಖರೀದಿದಾರನೇ ಷರತ್ತುಗಳನ್ನು ಬಿಗಿ ಮಾಡಿ ಆ ಪರಿಸ್ಥಿತಿಯನ್ನು ಸೃಷ್ಟಿಸಿಕೊಂಡಿರಲೂಬಾರದು. ಇಂಥ ಸೂಕ್ಷ್ಮದರ್ಶಕಗಳನ್ನು ಮಾಡುವವರು ಯೂರೋಪಿನಲ್ಲೂ ಜಪಾನಿನಲ್ಲೂ ಹಲವರಿರುವಾಗ ಆ ಬಾಗಿಲನ್ನು ತಟ್ಟುವುದರಲ್ಲಿ ಅರ್ಥವಿರಲಿಲ್ಲ.

ಸಂಶೋಧನಾ ತಂಡ ಕಳುಹಿಸಿದ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಕಂಪನಿಯ ಹೆಸರು ಎರಡು ಕಡೆ ಇತ್ತು. ಅವನ್ನು ತೆಗೆದುಹಾಕುವುದು ಸುಲಭ, ಏಕೆಂದರೆ ಆ ಪಾಠವನ್ನು ಈ ದೇಶ ಬಹಳ ಹಿಂದೆಯೇ ಕಲಿತಿದೆ. ಹವಾಮಾನ ಕೇಂದ್ರವೊಂದರ ಟೆಂಡರಿನಲ್ಲಿ ‘ಯುನಿಕ್ಸ್’ ಎಂದು ಒಂದು ಕಾರ್ಯಾಚರಣ ವ್ಯವಸ್ಥೆಯ ಹೆಸರನ್ನೇ ಬರೆದು ‘ಅಥವಾ ಅದಕ್ಕೆ ಸಮಾನವಾದದ್ದು’ ಎಂಬ ಮಾತನ್ನು ಸೇರಿಸದೆ ಬಿಟ್ಟದ್ದಕ್ಕೆ ಐರೋಪ್ಯ ನ್ಯಾಯಾಲಯ 1995ರ ಜನವರಿ 24ರಂದು ನೆದರ್‌ಲ್ಯಾಂಡ್ಸಿನ ವಿರುದ್ಧ ತೀರ್ಪು ಕೊಟ್ಟಿತ್ತು. ಹೆಸರುಗಳನ್ನು ಅಳಿಸಿ, ಅಗತ್ಯವಿದ್ದ ಕಡೆಗಳಲ್ಲಿ ಆ ಮಾತನ್ನು ಸೇರಿಸಿ, ನನ್ನ ಕೆಲಸ ಮುಗಿಯಿತೆಂದೇ ನಾನು ಭಾವಿಸಿದ್ದೆ.

ಅದು ಮುಗಿದಿಲ್ಲವೆಂದು ತಿಳಿದದ್ದು ಮಾರುಕಟ್ಟೆ ಸಮಾಲೋಚನೆಯಲ್ಲಿ. ಟೆಂಡರ್ ಕರೆಯುವ ಮೊದಲೇ ಪೂರೈಕೆದಾರರೊಂದಿಗೆ ಮಾತನಾಡಲು 40ನೆಯ ವಿಧಿ ಅವಕಾಶ ಕೊಡುತ್ತದೆ; ಒಬ್ಬರಿಗೆ ಹೇಳಿದ್ದನ್ನು ಎಲ್ಲರಿಗೂ ತಿಳಿಸಬೇಕು, ಅಷ್ಟೇ. ನಾವು ಡಚ್ ಸರ್ಕಾರದ ಟೆಂಡರ್‌ನೆಡ್ ಜಾಲತಾಣದಲ್ಲಿ ಸೂಚನೆ ಹಾಕಿ, ಬಂದ ನಾಲ್ವರಿಗೂ ತಲಾ ಒಂದು ಗಂಟೆ ಕೊಟ್ಟು, ಒಂದೇ ಪ್ರಶ್ನಾವಳಿಯನ್ನು ಮುಂದಿಟ್ಟೆವು. ಅವರಲ್ಲೊಬ್ಬರು ನಮ್ಮ ಪಟ್ಟಿಯನ್ನು ಓದಿ, ಅದರ ಮೂರು ಸಾಲುಗಳು ಪ್ರತಿಸ್ಪರ್ಧಿಯೊಬ್ಬರ ಕ್ಯಾಟಲಾಗಿನಲ್ಲಿ ಇದೇ ಅಂಕಿಗಳೊಂದಿಗೆ, ಇದೇ ಅನುಕ್ರಮದಲ್ಲಿ ಇವೆ ಎಂದು ನಗುತ್ತಲೇ ಹೇಳಿದರು. ತೆಗೆದು ನೋಡಿದರೆ ನಿಜ. ಹೆಸರು ಹೋಗಿತ್ತು, ಬ್ರ್ಯಾಂಡು ಉಳಿದಿತ್ತು: ನೋಡಬೇಕಾದ ವಸ್ತುವಿನ ತುಣುಕನ್ನು (ಮಾದರಿಯನ್ನು) ಇಡುವ ಕೋಣೆಯ ಅಗಲ, ಅದನ್ನು ಕೂರಿಸುವ ಪೀಠದ ಚಲನೆಯ ವ್ಯಾಪ್ತಿ, ಕಡಿಮೆ ವೋಲ್ಟೇಜಿನಲ್ಲಿ ದೊರೆಯುವ ಸ್ಪಷ್ಟತೆಯ ನ್ಯಾನೋಮೀಟರ್ ಅಂಕಿ, ಇವು ಮೂರೂ ಸೇರಿದರೆ ಜಗತ್ತಿನಲ್ಲಿ ಒಂದೇ ಯಂತ್ರಕ್ಕೆ ಹೊಂದುತ್ತಿದ್ದವು. ಖರೀದಿ ಕೆಲಸದಲ್ಲಿ ಇಷ್ಟು ವರ್ಷ ಕಳೆದೂ ಇದನ್ನು ಗಮನಿಸದೆ ಹೋದದ್ದು ನನಗೆ ಮುಜುಗರ ತಂದಿತು.

ಆಮೇಲೆ ಪಟ್ಟಿಯನ್ನು ಬದಿಗಿಟ್ಟು, ಈ ಯಂತ್ರದಲ್ಲಿ ನೀವು ನೋಡುವುದು ಏನನ್ನು ಎಂದು ತಂಡವನ್ನು ಕೇಳಿದೆ. ಅವರ ಕೆಲಸ ಹೆಚ್ಚಾಗಿ ಪಾಲಿಮರ್ ಪೊರೆಗಳ ಮೇಲೆ. ಅವು ವಿದ್ಯುತ್ ವಾಹಕಗಳಲ್ಲ. ಎಲೆಕ್ಟ್ರಾನ್ ಕಿರಣ ಬಿದ್ದೊಡನೆ ಅವುಗಳ ಮೇಲೆ ವಿದ್ಯುದಾವೇಶ ಸಂಗ್ರಹವಾಗಿ ಚಿತ್ರ ಕದಡುತ್ತದೆ, ಕಿರಣದ ಶಕ್ತಿ ಹೆಚ್ಚಾದರೆ ಮಾದರಿಯೇ ಹಾಳಾಗುತ್ತದೆ. ಲೋಹದ ತೆಳು ಲೇಪನ ಕೊಟ್ಟರೆ ಆವೇಶದ ತೊಂದರೆ ತಪ್ಪುತ್ತದಾದರೂ ಅತಿ ಸಣ್ಣ ರಂಧ್ರಗಳು ಆ ಲೇಪನದಲ್ಲೇ ಮುಚ್ಚಿಹೋಗುತ್ತವೆ. ಹಾಗಾದರೆ ನಮಗೆ ಬೇಕಾದದ್ದು ಕ್ಯಾಟಲಾಗಿನ ಅಂಕಿಯಲ್ಲ, ಲೇಪನವಿಲ್ಲದ ನಮ್ಮದೇ ಪೊರೆಯಲ್ಲಿ, ಕಡಿಮೆ ವೋಲ್ಟೇಜಿನಲ್ಲಿ, ಆ ರಂಧ್ರಗಳನ್ನು ಕಾಣುವ ಸಾಮರ್ಥ್ಯ. ಕ್ಯಾಟಲಾಗಿನಲ್ಲಿ ನಮೂದಿಸುವ ಸ್ಪಷ್ಟತೆಯನ್ನು ಸಾಮಾನ್ಯವಾಗಿ ಇಂಗಾಲದ ಮೇಲೆ ಕೂರಿಸಿದ ಚಿನ್ನದ ಕಣಗಳಂಥ ಅನುಕೂಲಕರ ಮಾದರಿಯ ಮೇಲೆ ಅಳೆದಿರುತ್ತಾರೆ ಎಂಬುದೂ ನನಗೆ ಆಗಲೇ ತಿಳಿದದ್ದು.

ಹೀಗಾಗಿ ಕಡ್ಡಾಯ ಷರತ್ತುಗಳನ್ನು ಒಂದು ಪುಟಕ್ಕೆ ಇಳಿಸಿ, ಗುಣಮಟ್ಟದ ಮುಖ್ಯ ಅಂಕಗಳನ್ನು ಪರೀಕ್ಷೆಗೆ ಇಟ್ಟೆವು. ಒಂದೇ ಪೊರೆಯನ್ನು ತುಂಡುಗಳಾಗಿ ಕತ್ತರಿಸಿ, ಭಾಗವಹಿಸಲು ಬಯಸಿದ ಪ್ರತಿಯೊಬ್ಬರಿಗೂ ಒಂದೊಂದನ್ನು ಕಳುಹಿಸುವುದು, ಅವರು ತಮ್ಮ ಯಂತ್ರದಲ್ಲಿ ತೆಗೆದ ಚಿತ್ರಗಳನ್ನು ಬಿಡ್ಡಿನೊಂದಿಗೆ ಸಲ್ಲಿಸುವುದು, ನಮ್ಮ ಮೂವರು ಮೌಲ್ಯಮಾಪಕರು ತಯಾರಕರು ಯಾರೆಂದು ತಿಳಿಯದೆಯೇ ಅವಕ್ಕೆ ಅಂಕ ಕೊಡುವುದು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಂಡಿತು. ಆದರೆ ಸೂಕ್ಷ್ಮದರ್ಶಕದ ಚಿತ್ರದ ಅಡಿಯಲ್ಲಿ ವೋಲ್ಟೇಜು, ವರ್ಧನೆ, ಅಳತೆಗೆರೆಗಳನ್ನು ತೋರಿಸುವ ಪಟ್ಟಿಯೊಂದಿರುತ್ತದೆ. ಪ್ರತಿ ಕಂಪನಿಯ ಪಟ್ಟಿಯ ವಿನ್ಯಾಸವೂ ಬೇರೆ, ಅನುಭವಿಗಳು ಅದನ್ನು ನೋಡಿದೊಡನೆ ಗುರುತು ಹಿಡಿಯುತ್ತಾರೆ. ಪಟ್ಟಿಯನ್ನು ಕತ್ತರಿಸಿ ಅಳತೆಗೆರೆಯನ್ನಷ್ಟೇ ಉಳಿಸಿ ಎಂದರೆ, ಚಿತ್ರದ ಪಿಕ್ಸೆಲ್ ಗಾತ್ರವೇ ಊರು ಹೇಳುತ್ತಿತ್ತು. ಕೊನೆಗೆ ಚಿತ್ರದ ಗಾತ್ರ, ಕಡತದ ಬಗೆ, ಅಳತೆಗೆರೆಯ ಸ್ವರೂಪ ಎಲ್ಲವನ್ನೂ ನಾವೇ ನಿಗದಿಪಡಿಸಿದೆವು.

ಅಂಕಗಳನ್ನು ಬೆಲೆಯೊಂದಿಗೆ ಜೋಡಿಸಲು ಡಚ್ಚರಲ್ಲಿ ಬಳಕೆಯಲ್ಲಿರುವ ಒಂದು ಕ್ರಮವನ್ನು ಅನುಸರಿಸಿದೆವು. ಗುಣಮಟ್ಟಕ್ಕೆ ಯೂರೊ ಮೌಲ್ಯ ಕಟ್ಟಿ, ಒಳ್ಳೆಯ ಅಂಕ ಪಡೆದವರ ಬೆಲೆಯಿಂದ ಆ ಮೊತ್ತವನ್ನು ಕಾಲ್ಪನಿಕವಾಗಿ ಕಳೆಯುವುದು. ಉಳಿದ ಮೊತ್ತ ಯಾರದು ಕಡಿಮೆಯೋ ಅವರೇ ವಿಜೇತರು. ಅತಿ ಕಡಿಮೆ ಬೆಲೆಯವರಿಗೇ ಗುತ್ತಿಗೆ ಕೊಡುವ ಎಲ್-1 ಪದ್ಧತಿಯಲ್ಲಿ ಪಳಗಿದ ನನಗೆ ಇದು ಹಿಡಿಸಿತು, ಏಕೆಂದರೆ ಒಳ್ಳೆಯ ಚಿತ್ರಕ್ಕಾಗಿ ಎಷ್ಟು ಹೆಚ್ಚುವರಿ ಹಣ ಕೊಡಲು ಸಿದ್ಧ ಎಂಬುದನ್ನು ಸಂಶೋಧಕರು ಮೊದಲೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಆ ಒಂದು ಅಂಕಿಯ ಮೇಲೆ ನಮ್ಮಲ್ಲಿ ಎರಡು ವಾರ ವಾದ ನಡೆಯಿತು.

ಕಂಪ್ಯೂಟರ್ ವಿಚಾರವನ್ನು ಯಾರೂ ಎತ್ತಿರಲಿಲ್ಲ. ಸೂಕ್ಷ್ಮದರ್ಶಕ ಹತ್ತು ಹದಿನೈದು ವರ್ಷ ಬಾಳುತ್ತದೆ, ಅದನ್ನು ನಡೆಸುವ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಅಷ್ಟು ಬಾಳುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯುವುದೆಂದು ಆಗಲೇ ಗೊತ್ತಿತ್ತು. ನಿರ್ವಹಣೆಯ ಎಂಟೂ ವರ್ಷ, ತಯಾರಕರ ಭದ್ರತಾ ಬೆಂಬಲವಿರುವ ವ್ಯವಸ್ಥೆಯಲ್ಲೇ ತಂತ್ರಾಂಶ ಓಡಬೇಕು, ಅದಕ್ಕೆ ಬೇಕಾದ ಬದಲಾವಣೆಯ ವೆಚ್ಚ ಬಿಡ್ಡಿನ ಬೆಲೆಯಲ್ಲೇ ಸೇರಿರಬೇಕು ಎಂಬ ಷರತ್ತನ್ನು ನಾನೇ ಹಾಕಿದೆ. ಪ್ರಶ್ನೋತ್ತರದ ಹಂತದಲ್ಲಿ ಅತಿ ಹೆಚ್ಚು ಪ್ರಶ್ನೆಗಳು ಬಂದದ್ದು ಈ ಒಂದು ಸಾಲಿಗೆ.

ಪ್ರಕಟಣೆಯ ಕೆಲಸದಲ್ಲಿ ಹೇಳುವಂಥದ್ದೇನೂ ಇಲ್ಲ. ಐರೋಪ್ಯ ಟೆಂಡರ್ ಜಾಲತಾಣ ಟೆಡ್‌ನಲ್ಲಿ ಇಂಥ ಸೂಕ್ಷ್ಮದರ್ಶಕಗಳಿಗಿರುವ 38511100 ಎಂಬ ಸಂಕೇತ ಸಂಖ್ಯೆಯಡಿ ಪ್ರಕಟಿಸಿದೆವು. ಮುಕ್ತ ಟೆಂಡರಿಗೆ ವಿದ್ಯುನ್ಮಾನ ಸಲ್ಲಿಕೆಯಿದ್ದರೆ ಡಚ್ ಕಾನೂನಿನಂತೆ 40 ದಿನ ಸಾಕಾದರೂ, ಮಾದರಿ ಪರೀಕ್ಷೆಗಾಗಿ 50 ದಿನ ಕೊಟ್ಟೆವು. ಬಿಡ್ಡುಗಳು ಮೂರು ಬಂದವು. ಗೆದ್ದದ್ದು ಅತ್ಯಂತ ಅಗ್ಗದ್ದೂ ಅಲ್ಲ, ಪ್ರಾಧ್ಯಾಪಕರು ಮೊದಲು ಬಯಸಿದ್ದೂ ಅಲ್ಲ. ಹೆಸರುಗಳು ಹೊರಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರೂ ಚಿತ್ರಗಳನ್ನು ಮತ್ತೊಮ್ಮೆ ತೋರಿಸಲು ಹೇಳಿದರು. ಗೆದ್ದವರ ಚಿತ್ರಕ್ಕೆ ಅತಿ ಹೆಚ್ಚು ಅಂಕ ಕೊಟ್ಟವರಲ್ಲಿ ಅವರೂ ಒಬ್ಬರಾಗಿದ್ದರು.

ನಿರ್ಧಾರ ತಿಳಿಸಿದ ಮೇಲೆ ಒಪ್ಪಂದಕ್ಕೆ ಸಹಿ ಹಾಕದೆ ಕಾಯಬೇಕಾದ ಅವಧಿ ಡಚ್ ಕಾನೂನಿನಲ್ಲಿ ಕನಿಷ್ಠ 20 ದಿನ. 1999ರ ಪ್ರಕರಣವೊಂದರಿಂದಾಗಿ ಅದಕ್ಕೆ ಇಲ್ಲಿ ‘ಆಲ್ಕಾಟೆಲ್ ಅವಧಿ’ ಎಂದೇ ಹೆಸರು. ಸೋತವರಿಗೆ ನಾನು ಬರೆದ ಮೊದಲ ಕರಡುಪತ್ರದಲ್ಲಿ ಅಂಕಗಳಷ್ಟೇ ಇದ್ದವು. ಗೆದ್ದ ಬಿಡ್ಡು ಯಾವ ಅಂಶದಲ್ಲಿ, ಏಕೆ ಮೇಲಾಯಿತೆಂದು ವಿವರಿಸದಿದ್ದರೆ ಆ ಅವಧಿಯೇ ಪ್ರಶ್ನೆಗೆ ಒಳಗಾಗಬಹುದೆಂದು ನಮ್ಮ ಕಾನೂನು ಸಲಹೆಗಾರರು ಅದನ್ನು ಹಿಂತಿರುಗಿಸಿದರು. ತಿದ್ದಿ ಬರೆದ ಎರಡು ಪುಟಗಳ ಪತ್ರಕ್ಕೆ ಒಬ್ಬರಿಂದ ಸ್ಪಷ್ಟೀಕರಣದ ಕೋರಿಕೆ ಬಂತು, ಉತ್ತರಿಸಿದೆವು, ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ.

ಕತ್ತರಿಸಿದ ಪೊರೆಯ ಒಂದು ತುಂಡನ್ನು ನನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ. ಯಂತ್ರ ಬಂದು ಸ್ಥಾಪನೆಯಾದ ಮೇಲೆ ಅದೇ ತುಂಡಿನಲ್ಲಿ, ಬಿಡ್ಡಿನಲ್ಲಿ ತೋರಿಸಿದ ಗುಣಮಟ್ಟದ ಚಿತ್ರ ಬಂದರೆ ಮಾತ್ರ ಕೊನೆಯ ಶೇಕಡಾ 20ರಷ್ಟು ಪಾವತಿ ಎಂದು ಒಪ್ಪಂದದಲ್ಲಿತ್ತು. ಮೊದಲ ದಿನ ಚಿತ್ರ ನಡುಗಿತು. ಪೂರೈಕೆದಾರರ ಎಂಜಿನಿಯರ್ ಎರಡು ದಿನ ಹುಡುಕಾಡಿ, ಪಕ್ಕದ ಕೋಣೆಯಲ್ಲಿ ನಮ್ಮವರೇ ಆಮೇಲೆ ತಂದಿಟ್ಟಿದ್ದ ಶೀತಕ ಯಂತ್ರದ ಕಂಪನ ನೆಲದ ಮೂಲಕ ಬರುತ್ತಿರುವುದನ್ನು ಪತ್ತೆಹಚ್ಚಿದರು. ಅದನ್ನು ನೆಲಮಾಳಿಗೆಗೆ ಸಾಗಿಸುವ ಖರ್ಚನ್ನು ವಿಭಾಗವೇ ಭರಿಸಿತು. ಮೂರನೆಯ ವಾರ ರಂಧ್ರಗಳು ಕಂಡವು, ನಾನು ಸ್ವೀಕಾರ ಪತ್ರಕ್ಕೆ ಸಹಿ ಹಾಕಿದೆ.