ಸೋಬೊಲ್‌ಗೆ ಕೊಡುವ ಮೊದಲು ಸಿಂಗ್ಯುಲಾರಿಟಿ ಕಳೆಯಿರಿ: ಆಂಟೆನಾ ಲೆಕ್ಕದಲ್ಲಿ ನನ್ನ ಅನುಭವ

ಮೈಸೂರಿನಲ್ಲಿ ಕೂತು ನಾನು ಮಾಡುವುದು ಪ್ಯಾಚ್ ಆಂಟೆನಾಗಳ (ಬೋರ್ಡಿನ ಮೇಲಿನ ಚಪ್ಪಟೆ ಲೋಹದ ತಟ್ಟೆಗಳು) ಮೊಮೆಂಟ್ ವಿಧಾನದ ಲೆಕ್ಕ, ಅಂದರೆ ತಟ್ಟೆಯ ತುಂಡುಗಳು ಒಂದರ ಮೇಲೊಂದು ಬೀರುವ ಪ್ರಭಾವದ ಲೆಕ್ಕ. ತಟ್ಟೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿದರೆ ಪ್ರತಿ ಜೋಡಿಗೂ ನಾಲ್ಕು ಆಯಾಮದ ಒಂದು ಅನುಕಲನ ಬರುತ್ತದೆ. ಮೂಲ ಬಿಂದುವಿಗೆ ಎರಡು ನಿರ್ದೇಶಾಂಕ, ನೋಡುವ ಬಿಂದುವಿಗೆ ಎರಡು. ಅವುಗಳ ನಡುವಿನ ದೂರ ಆರ್ ಭಾಗಾಕಾರದ ಕೆಳಗೆ ಕೂತಿರುತ್ತದೆ. ಆರ್ ಸೊನ್ನೆಯಾದಲ್ಲಿ ಬೆಲೆ ಅನಂತಕ್ಕೆ ಹಾರುತ್ತದೆ, ಅದೇ ಸಿಂಗ್ಯುಲಾರಿಟಿ.

ಮಂಡ್ಯದ ಕಡೆ ಗದ್ದೆ ನೋಡಿದವರಿಗೆ ಸೋಬೊಲ್ ಅನುಕ್ರಮವನ್ನು, ಅಂದರೆ ಅನುಕಲನಕ್ಕೆ ಬೇಕಾದ ಬಿಂದುಗಳನ್ನು ಸಮನಾಗಿ ಹರಡುವ ಕ್ರಮವನ್ನು, ವಿವರಿಸುವುದು ಸುಲಭ. ಚೆಲ್ಲಿದ ಭತ್ತ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳುವಾಗಿ ಬರುತ್ತದೆ. ಸಾಲು ನಾಟಿಯ ಪೈರು ಎಲ್ಲೆಡೆ ಸಮನಾಗಿರುತ್ತದೆ. ಬಿಂದುಗಳನ್ನು ಚೆಲ್ಲಿದಂತೆ ಯಾದೃಚ್ಛಿಕವಾಗಿ ಆರಿಸುವ ಮಾಮೂಲಿ ಮಾಂಟೆ ಕಾರ್ಲೊದಲ್ಲಿ ದೋಷ ಅರ್ಧವಾಗಬೇಕಾದರೆ ನಾಲ್ಕು ಪಟ್ಟು ಬಿಂದು ಬೇಕು. 1967ರ ಸೋಬೊಲ್ ಬಿಂದುಗಳಲ್ಲಿ, ಫಲನ ನಯವಾಗಿದ್ದರೆ, ಹೆಚ್ಚುಕಡಿಮೆ ಎರಡು ಪಟ್ಟು ಸಾಕು. ಆ ‘ನಯವಾಗಿದ್ದರೆ’ ಅನ್ನುವ ಷರತ್ತಿನಲ್ಲೇ ಎಲ್ಲರೂ ಎಡವುವುದು.

ಚೌಕ ತನ್ನ ಮೇಲೆ ತಾನೇ ಬೀರುವ ಪ್ರಭಾವವನ್ನು ತೆಗೆದುಕೊಳ್ಳಿ. ಬದಿ 1, ಒಳಗಿರುವುದು ಬರೀ 1/ಆರ್. ನಿಖರ ಉತ್ತರ (4/3)×[1 − √2 + 3 ಲಾನ್(1+√2)], ಅಂದರೆ 2.973210. ಸ್ಕ್ರ್ಯಾಂಬಲ್ ಮಾಡದ (ಸಮ ಹರಹು ಕೆಡದಂತೆ ಯಾದೃಚ್ಛಿಕವಾಗಿ ಕಲಸದ) ಸೋಬೊಲ್‌ನ ಮೊದಲ ಬಿಂದು (0, 0, 0, 0). ಅದನ್ನು ಬಿಟ್ಟರೆ ಆಯಿತು ಅಂದುಕೊಳ್ಳಬೇಡಿ, ಎರಡನೆಯದು (0.5, 0.5, 0.5, 0.5). ಎರಡರಲ್ಲೂ ಮೂಲವೂ ನೋಟವೂ ಒಂದೇ ಜಾಗ, ಆರ್ ಸೊನ್ನೆ, ಮೊತ್ತ ಅನಂತ. ಸ್ಕ್ರ್ಯಾಂಬಲ್ ಮಾಡಿದರೆ ಈ ಅನಂತ ಕಣ್ಮರೆಯಾಗುತ್ತದೆ, ರೋಗ ಹೋಗುವುದಿಲ್ಲ: 1/ಆರ್‌ನ ವರ್ಗದ ಅನುಕಲನವೇ ಇಲ್ಲಿ ಅನಂತ. ಹಾಗಾಗಿ ಕಂಪ್ಯೂಟರ್ ತೋರಿಸುವ ದೋಷದ ಅಂದಾಜನ್ನು ನಂಬುವಂತಿಲ್ಲ.

ನಾನು ಮಾಡುವುದು ಹೀಗೆ. ಮೊದಲು ನಾಲ್ಕು ಆಯಾಮವನ್ನು ಅಂತರದ ಎರಡು ಆಯಾಮಕ್ಕೆ ಇಳಿಸುತ್ತೇನೆ. ಆಮೇಲೆ 1982ರಲ್ಲಿ ಡಫಿ ಕೊಟ್ಟ ಬದಲಾವಣೆ: ಅಡ್ಡ ಅಂತರ ಯು, ಉದ್ದ ಅಂತರ ಯು×ವಿ. ಜೇಕೋಬಿಯನ್ (ಚರ ಬದಲಿಸಿದಾಗ ಗುಣಿಸಬೇಕಾದ ಅಂಶ) ಆಗಿ ಬರುವ ಯು, ಕೆಳಗಿನ ಯುವನ್ನು ಹೊಡೆದುಹಾಕುತ್ತದೆ. ಉಳಿಯುವುದು 8×(1−ಯು)(1−ಯು·ವಿ)/√(1+ವಿ²), ಎರಡೂ 0ರಿಂದ 1ರವರೆಗೆ. ಇಲ್ಲಿ ಸಿಂಗ್ಯುಲಾರಿಟಿಯ ಸುಳಿವೇ ಇಲ್ಲ. ನಿಜ ಹೇಳಬೇಕೆಂದರೆ ಇಷ್ಟಕ್ಕೆ ಸೋಬೊಲ್ ಬೇಡವೇ ಬೇಡ. 6×6 ಗಾಸ್ ಬಿಂದುಗಳೇ (ನಯವಾದ ಫಲನಕ್ಕೆ ಹೊಂದುವ ನಿಗದಿತ ಬಿಂದುಗಳು) 2.973210 ಕೊಡುತ್ತವೆ.

ಆವರ್ತನ ಬಂದಾಗ ಈ 1/ಆರ್ ಭಾಗವನ್ನು ಪ್ರತ್ಯೇಕ ಇಟ್ಟು, ಉಳಿದದ್ದನ್ನು, ಅಂದರೆ (ಇ^(−ಜೆ·ಕೆ·ಆರ್) − 1)/ಆರ್ ಅನ್ನು ಮಾತ್ರ ಸಂಖ್ಯಾತ್ಮಕವಾಗಿ ಮಾಡುತ್ತೇನೆ. ಇಲ್ಲಿ ಕೆ ಅಂದರೆ ತರಂಗ ಸಂಖ್ಯೆ, ಜೆ ಅಂದರೆ √(−1). ಅದನ್ನು ನೇರವಾಗಿ ಕಳೆದು ಭಾಗಿಸಿದರೆ ಸಣ್ಣ ಆರ್‌ಗಳಲ್ಲಿ ಅಂಕಿಗಳು ಹಾರಿಹೋಗುತ್ತವೆ. ಅದರ ಬದಲು −ಜೆ·ಕೆ × ಇ^(−ಜೆ·ಕೆ·ಆರ್/2) × ಸಿಂಕ್(ಕೆ·ಆರ್/2) ಎಂದು ಬರೆಯಿರಿ, ಸಿಂಕ್(ಎಕ್ಸ್) ಅಂದರೆ ಸೈನ್(ಎಕ್ಸ್)/ಎಕ್ಸ್. ಪೈಥಾನ್‌ನ ಗಣಿತ ಲೈಬ್ರರಿ ನಂಪೈನ ಸಿಂಕ್ ಒಳಗೇ ಪೈ ಸೇರಿದೆ, ಅದಕ್ಕೆ ಕೊಡಬೇಕಾದ್ದು ಕೆ·ಆರ್/(2π). ಇದನ್ನು ಮರೆತರೆ ಉತ್ತರ ತಪ್ಪಾಗಿಯೂ ಸರಿಯಿದ್ದಂತೆ ಕಾಣುತ್ತದೆ, ಅದೇ ಅಪಾಯ.

ಸೋಬೊಲ್ ತನ್ನ ಬೆಲೆ ತೋರಿಸುವುದು ತಯಾರಿಕೆಯ ಏರುಪೇರು ಸೇರಿದಾಗ. ಎಫ್‌ಆರ್-4 (ಗಾಜಿನ ನಾರು ಮತ್ತು ಎಪಾಕ್ಸಿಯ) ಬೋರ್ಡಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ), 1.6 ಮಿ.ಮೀ. ದಪ್ಪ, ಪ್ಯಾಚಿನ ಉದ್ದ, ಅಗಲ, ಫೀಡಿನ (ಸಿಗ್ನಲ್ ಕೊಡುವ ತಂತಿಯ) ಜಾಗ ಅಂತ ಎಂಟು ಆಯಾಮವಾದರೆ, ಆರಾರು ಗಾಸ್ ಬಿಂದುಗಳಿಗೆ 16,79,616 ಬಾರಿ ಲೆಕ್ಕ ಓಡಬೇಕು. ನಾನು 1024 ಬಿಂದುಗಳ 8 ಸ್ಕ್ರ್ಯಾಂಬಲ್ ಓಡಿಸುತ್ತೇನೆ, ಒಟ್ಟು 8192. ಅನುರಣನವನ್ನು ಹೆಚ್ಚು ಅಲುಗಾಡಿಸುವ ಉದ್ದ ಮತ್ತು ಪರ್ಮಿಟಿವಿಟಿಗೆ ಮೊದಲ ಎರಡು ಆಯಾಮ ಕೊಡಿ. ಸೋಬೊಲ್‌ನ ಆರಂಭದ ಆಯಾಮಗಳೇ ಹೆಚ್ಚು ಅಚ್ಚುಕಟ್ಟು. ಬಿಂದುಗಳ ಸಂಖ್ಯೆ ಎರಡರ ಘಾತವೇ ಇರಲಿ. 1000 ಎಂದು ಗುಂಡಗೆ ಕತ್ತರಿಸಿದರೆ ಸಾಲು ಕೆಡುತ್ತದೆ. ಮೊದಲ ಬಿಂದುವನ್ನು ಎಸೆದರೂ ಅಷ್ಟೇ. ನಾರ್ಮಲ್ ಹಂಚಿಕೆ ಬೇಕಾದಲ್ಲಿ ವಿಲೋಮ ಸಂಚಿತ ಫಲನ ಬಳಸುತ್ತೇನೆ.

ಪೈಥಾನ್‌ನ ವೈಜ್ಞಾನಿಕ ಲೈಬ್ರರಿ ಸೈಪೈನಲ್ಲಿ 1.7ನೇ ಆವೃತ್ತಿಯಿಂದ ಇದೆಲ್ಲ ಸಿದ್ಧವಾಗಿದೆ. ಎಂಟು ಸ್ಕ್ರ್ಯಾಂಬಲ್‌ಗಳ ಸರಾಸರಿಗಳ ಮಾನಕ ವಿಚಲನೆಯನ್ನು √8ರಿಂದ ಭಾಗಿಸಿದರೆ ದೋಷದ ಅಂದಾಜು ಸಿಗುತ್ತದೆ. ಅದು ಸೊನ್ನೆ ಬಂದರೆ ಅವನ್ನು ಓಡಿಸಿದ ಎಂಟು ಕೋರ್‌ಗಳಿಗೂ ಒಂದೇ ಸೀಡ್ (ಯಾದೃಚ್ಛಿಕತೆಯ ಆರಂಭ ಸಂಖ್ಯೆ) ಹೋಗಿದೆಯೇ ಎಂದು ಮೊದಲು ನೋಡಿ.