ಗಾಯಕ್ಕೆ ಹುಳ ಬಿದ್ದರೆ ಬೇಲಿಯ ಸೀತಾಫಲ ಸೊಪ್ಪು

ಮಳೆಗಾಲದಲ್ಲಿ ದನಕ್ಕೆ ಸಣ್ಣ ಗಾಯ ಆದರೂ ಸಾಕು, ನೊಣ ಕೂತು ಮೊಟ್ಟೆ ಇಡುತ್ತದೆ, ಒಂದೆರಡು ದಿನದಲ್ಲೇ ಒಳಗೆ ಹುಳ ಪಿತಗುಡುತ್ತವೆ. ಆಗ ಎಷ್ಟೋ ಜನ ಕೈಗೆ ಸಿಕ್ಕ ಫಿನಾಯಿಲೋ ಪೆಟ್ರೋಲೋ ಸುರಿದುಬಿಡುತ್ತಾರೆ. ಹುಳ ಸಾಯಬಹುದು, ಜೊತೆಗೆ ಒಳ್ಳೆ ಮಾಂಸವೂ ಸುಟ್ಟು ಗಾಯ ಇನ್ನೂ ದೊಡ್ಡದಾಗುತ್ತದೆ. ಬೇಲಿಯಲ್ಲೇ ಸೀತಾಫಲ ಇರುವಾಗ ಇದೆಲ್ಲ ಯಾಕೆ ಬೇಕು, ಅಲ್ವಾ? ಬಯಲುಸೀಮೆಯ ಕಲ್ಲುಗುಡ್ಡದಲ್ಲಿ ತಾನಾಗೇ ಬೆಳೆಯುವ ಗಿಡ ಅದು. ಸಿಕ್ಕಿದ್ದೆಲ್ಲ ಮೇಯುವ ಮೇಕೆ ಕೂಡ ಅದರ ಸೊಪ್ಪಿಗೆ ಬಾಯಿ ಹಾಕುವುದಿಲ್ಲ.

ಮೊದಲು ದನವನ್ನು ಅಲುಗಾಡದಂತೆ ಕಟ್ಟಿ, ಗಾಯದ ಸುತ್ತಲ ಕೂದಲು ಕತ್ತರಿಸಿ. ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು ಆರಿದ ಮೇಲೆ ಸ್ವಲ್ಪ ಉಪ್ಪು ಬೆರೆಸಿ ತೊಳೆಯಿರಿ. ಒಂದು ಹಿಡಿ ಸೀತಾಫಲದ ಎಲೆಯನ್ನು ನೀರು ಹಾಕದೆ ನುಣ್ಣಗೆ ಅರೆದು, ಗಾಯದ ಬಾಯಿ ಮುಚ್ಚುವಂತೆ ತುಂಬಿ, ಮೇಲೆ ತೆಳು ಬಟ್ಟೆ ಕಟ್ಟಿ. ಈ ಹುಳಗಳು ಉಸಿರಾಡುವುದು ಹಿಂಭಾಗದಿಂದ. ಅದಕ್ಕೇ ತಲೆ ಮಾಂಸದೊಳಗೆ ಹುದುಗಿಸಿ ಹಿಂಬದಿ ಹೊರಗೆ ಇಟ್ಟುಕೊಂಡಿರುತ್ತವೆ. ಸೊಪ್ಪು ಗಾಯ ಮುಚ್ಚಿದರೆ ಅವಕ್ಕೆ ಉಸಿರು ಕಟ್ಟುತ್ತದೆ, ಹೊರಬೀಳುತ್ತವೆ. ಮಾರನೇ ದಿನ ಬಟ್ಟೆ ಬಿಚ್ಚಿ, ಉಳಿದವನ್ನು ಚಿಮುಟದಲ್ಲಿ ಒಂದೊಂದಾಗಿ ತೆಗೆಯಿರಿ. ಇನ್ನೂ ಇವೆ ಅನಿಸಿದರೆ ಮತ್ತೆ ಸೊಪ್ಪು ತುಂಬಿ. ಪೂರ್ತಿ ಹೋಗುವ ತನಕ ಎಣ್ಣೆ ಹಚ್ಚಲು ಅವಸರ ಮಾಡಬೇಡಿ, ಮೇಲೆ ಮಾಯ್ದಂತೆ ಕಂಡರೂ ಒಳಗೊಳಗೇ ತಿನ್ನುತ್ತಿರುತ್ತವೆ.

ಆಮೇಲೆ ಎಣ್ಣೆ. ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಸೊಪ್ಪು ಒಂದೊಂದು ಹಿಡಿ, 10 ಎಸಳು ಬೆಳ್ಳುಳ್ಳಿ, 20 ಗ್ರಾಂ ಅರಿಶಿನ ರುಬ್ಬಿ, ಅರ್ಧ ಲೀಟರ್ ಕೊಬ್ಬರಿ ಎಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ಕುದಿಸಿ ಆರಿಸಿ. ಗಾಯ ಮಾಯುವ ತನಕ ದಿನಾ ಹಚ್ಚಿ, ನೊಣವೂ ಹತ್ತಿರ ಬರುವುದು ಕಡಿಮೆ. ಕುಪ್ಪಿಗಿಡ ತಿಪ್ಪೆ ಪಕ್ಕ, ಪಾಳುಗೋಡೆ ಬುಡದಲ್ಲಿ ಸಿಗುತ್ತದೆ. ಹೂತೆನೆಯ ಉದ್ದಕ್ಕೂ ಬಟ್ಟಲಿನಂಥ ಪುಟ್ಟ ಹಸಿರು ಎಲೆ ಇರುತ್ತವೆ. ಅನುಮಾನ ಇದ್ದರೆ ಬೇರು ಸಮೇತ ಕಿತ್ತು ಅಂಗಳದಲ್ಲಿಡಿ, ಮನೆ ಬೆಕ್ಕು ಬಂದು ಹೊರಳಾಡಿದರೆ ಅದೇ ಗಿಡ!

ಸೀತಾಫಲದ ಬೀಜ ಮಾತ್ರ ಅರೆಯಲು ಹೋಗಬೇಡಿ. ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಸೊಪ್ಪು ಅರೆದ ಮೇಲೂ ಕೈ ಚೆನ್ನಾಗಿ ತೊಳೆಯಿರಿ. ಕಣ್ಣಿನ ಹತ್ತಿರದ ಗಾಯ, ಕೆಚ್ಚಲಿನ ಗಾಯ, ಮೂಳೆ ಕಾಣುವಷ್ಟು ಆಳದ ಗಾಯ ಇದ್ದರೆ ಮನೆಮದ್ದು ಬೇಡವೇ ಬೇಡ. ಗೊರಸಿನ ಸಂದಿಯಲ್ಲಿ ಹುಳ ಬಿದ್ದು, ಬಾಯಲ್ಲಿ ಗುಳ್ಳೆ ಎದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಜ್ವರ ಇರಬಹುದು. ಆ ದನವನ್ನು ಬೇರೆ ಕಟ್ಟಿ, ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ.